ಒಂದೇ ಪುಸ್ತಕ ಸಾಕೋ, ನಾಲ್ಕು ಬೇಕೋ?

ಮಕ್ಕಳೇ, ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟಿನ ಜಾಲತಾಣ ನೋಡಿದ್ದೀರಾ? ಹಳಗನ್ನಡದಲ್ಲಿ ಅಲರ್ ಎಂದರೆ ಹೂವು. ವಿ. ಕೃಷ್ಣ ಎಂಬವರು ನಾಲ್ಕು ದಶಕಗಳ ಕಾಲ ದುಡಿದು ಒಂದೂವರೆ ಲಕ್ಷ ಪದಗಳನ್ನು ಕೂಡಿಸಿದ ನಿಘಂಟು ಅದು. 2019ರಲ್ಲಿ ಅದು ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ‘ಬಲೆ’ ಎಂದು ಬರೆದು ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಅರ್ಥ ಬರುತ್ತದೆ. ಅಷ್ಟು ಪದಗಳನ್ನು ಕಂಪ್ಯೂಟರು ಹೇಗೆ ಬರೆದಿಟ್ಟುಕೊಂಡಿರುತ್ತದೆ? ಲೆಡ್ಜರು ಬರೆದೇ ತಲೆ ಹಣ್ಣಾದ ನನಗೆ ಈ ಪ್ರಶ್ನೆ ಬಹಳ ಇಷ್ಟ. ಏಕೆಂದರೆ ಉತ್ತರ ನಮ್ಮ ಬ್ಯಾಂಕಿನ ಕಪಾಟಿನಲ್ಲೇ ಇದೆ.

ಒಂದೇ ಪುಸ್ತಕದ ದಾರಿ

1928ರಲ್ಲಿ ಉಡುಪಿಯ ಬ್ಯಾಂಕೊಂದು ಪಿಗ್ಮಿ ಠೇವಣಿ ಆರಂಭಿಸಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನವರೇ ಮನೆಗೆ ಬಂದು ಪಡೆಯುತ್ತಿದ್ದರು. ಒಂದು ಕೇರಿಯ ಪಿಗ್ಮಿ ಲೆಕ್ಕಕ್ಕೆ ಒಂದು ಪುಸ್ತಕ ಸಾಕು: ಹೆಸರು, ತಾರೀಕು, ಮೊತ್ತ. ಒಬ್ಬರಿಗೆ ಒಂದು ಸಾಲು. ಯಾರು ತೆರೆದರೂ ಓದಬಹುದು.

ಕಂಪ್ಯೂಟರಿನಲ್ಲಿ ಇಂಥದ್ದಕ್ಕೆ ‘ಫ್ಲಾಟ್ ಫೈಲ್’ ಎನ್ನುತ್ತಾರೆ. ಸಾದಾ ಅಕ್ಷರಗಳ ಒಂದು ಫೈಲು, ಅಷ್ಟೇ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬಹುದು, ಬೇರೆ ತಂತ್ರಾಂಶ ಬೇಡ. ಇಪ್ಪತ್ತು ಪುಟಗಳ ಶಾಲೆಯ ಜಾಲತಾಣಕ್ಕೆ ಇದು ಧಾರಾಳ ಸಾಕು.

ತೊಂದರೆ ಎಲ್ಲಿ ಶುರುವಾಗುತ್ತದೆ?

ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ಆಗ ಬ್ಯಾಂಕಿನಲ್ಲಿ ಉಳಿತಾಯ ಖಾತೆಗೆ ಒಂದು ಲೆಡ್ಜರು, ಠೇವಣಿಗೆ ಒಂದು, ಚಿನ್ನದ ಸಾಲಕ್ಕೆ ಇನ್ನೊಂದು. ಒಬ್ಬರದೇ ಹೆಸರು, ವಿಳಾಸ ಮೂರು ಕಡೆ ಬರೆಯಬೇಕು. ಗಂಗೊಳ್ಳಿಯ ಅಜ್ಜಿಯೊಬ್ಬರು ಹೊಳೆಯಾಚೆ ಕುಂದಾಪುರದ ಮಗಳ ಮನೆಗೆ ಹೋದರು ಎನ್ನಿ. ವಿಳಾಸ ಎರಡು ಲೆಡ್ಜರಿನಲ್ಲಿ ತಿದ್ದಿ, ಮೂರನೆಯದರಲ್ಲಿ ಹಳೆಯದೇ ಉಳಿದರೆ? ಸಾಲದ ಅವಧಿ ಮುಗಿದಾಗ ನೋಟಿಸು ಬೀಗ ಹಾಕಿದ ಮನೆಗೆ ಹೋಗುತ್ತದೆ. ಅಜ್ಜಿಗೆ ಸುದ್ದಿಯೇ ಇಲ್ಲದೆ ಅವರ ಬಳೆ ಹರಾಜಿಗೆ ಬರುತ್ತದೆ. ಒಂದು ಸಾಲಿನ ವಿಳಾಸ ಎಂದು ಹಗುರವಾಗಿ ನೋಡುವಂತಿಲ್ಲ.

ಇನ್ನೊಂದು ಫಜೀತಿ ಹೆಸರಿನದು. ನಮ್ಮೂರಿನಲ್ಲಿ ‘ಮಂಜುನಾಥ ಖಾರ್ವಿ’ ಎಂದು ಕರೆದರೆ ನಾಲ್ಕು ಜನ ತಿರುಗಿ ನೋಡಿದರೂ ಆಶ್ಚರ್ಯವಿಲ್ಲ. ಯಾರ ದುಡ್ಡು ಯಾರ ಖಾತೆಗೆ?

ಕಾಡ್ ಕಂಡುಕೊಂಡ ಉಪಾಯ

1970ರಲ್ಲಿ ಎಡ್ಗರ್ ಕಾಡ್ ಒಂದು ಲೇಖನ ಬರೆದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು ಅಮೆರಿಕದ ಐಬಿಎಂ ಕಂಪನಿಯಲ್ಲಿದ್ದರು. ಆ ಲೇಖನದ ಹೆಸರಿನಲ್ಲೇ ‘ಡೇಟಾ ಬ್ಯಾಂಕ್’ ಎಂಬ ಮಾತಿತ್ತು! ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಇಡಿ ಎಂಬುದು ಅವರ ಉಪಾಯದ ತಿರುಳು. ಗಣಿತದಲ್ಲಿ ಇಂಥ ಕೋಷ್ಟಕಕ್ಕೆ ‘ರಿಲೇಷನ್’ ಎನ್ನುವುದರಿಂದ ‘ರಿಲೇಷನಲ್ ಡೇಟಾಬೇಸ್’ ಎಂಬ ಹೆಸರು ಬಂತು. ಈ ಕೆಲಸಕ್ಕಾಗಿ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು.

ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಗ್ರಾಹಕರ ಪುಸ್ತಕ ಒಂದು: ಗ್ರಾಹಕ ಸಂಖ್ಯೆ, ಹೆಸರು, ವಿಳಾಸ. ಉಳಿದ ಲೆಡ್ಜರುಗಳಲ್ಲಿ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಆ ಸಂಖ್ಯೆ ಮಾತ್ರ. ಅಜ್ಜಿ ಮನೆ ಬದಲಿಸಿದರೆ ಒಂದೇ ಕಡೆ ತಿದ್ದಿದರಾಯಿತು, ನೋಟಿಸು ಸರಿಯಾದ ಮನೆ ಸೇರುತ್ತದೆ. ನಾಲ್ವರು ಮಂಜುನಾಥರಿದ್ದರೂ ಸಂಖ್ಯೆ ಬೇರೆ ಬೇರೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆ, ಬೇಕಾದಲ್ಲಿ ಸಂಖ್ಯೆಯಿಂದ ಕೂಡಿಸಿಕೋ. ಇದಿಷ್ಟೇ ಗುಟ್ಟು.

ಇಂಥ ಡೇಟಾಬೇಸ್ ಇನ್ನೊಂದು ಕಾವಲನ್ನೂ ಕಾಯುತ್ತದೆ. ಅಪ್ಪ ನಿಮ್ಮ ಶಾಲೆಯ ಖಾತೆಗೆ ಐನೂರು ರೂಪಾಯಿ ಕಳಿಸಿದರು ಎನ್ನಿ. ಅಪ್ಪನ ಖಾತೆಯಲ್ಲಿ ಖರ್ಚು ಬಿದ್ದ ಕ್ಷಣವೇ ಕರೆಂಟು ಹೋದರೆ? ಜಮಾ ಆಗದಿದ್ದರೆ ಖರ್ಚೂ ರದ್ದು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಸಾದಾ ಫೈಲಿಗೆ ತಾನಾಗಿ ಈ ಜಾಣತನ ಇಲ್ಲ. ಇಬ್ಬರು ಒಟ್ಟಿಗೆ ತಿದ್ದಲು ಹೋದರೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರದು ಕೂತುಬಿಡಬಹುದು.

ಹಾಗಾದರೆ ಯಾವುದು ಒಳ್ಳೆಯದು?

ಅಲರ್ ನಿಘಂಟನ್ನೇ ನೋಡಿ. ಅದು ಎರಡನ್ನೂ ಬಳಸುತ್ತದೆ. ಹುಡುಕುವವರಿಗಾಗಿ ಜಾಲತಾಣದ ಹಿಂದೆ ಕೋಷ್ಟಕಗಳಿವೆ. ಯಾವ ಪದಕ್ಕೆ ಯಾವ ಅರ್ಥ ಎಂಬ ನಂಟಿಗೇ ಒಂದು ಪ್ರತ್ಯೇಕ ಕೋಷ್ಟಕ. ಇಡೀ ನಿಘಂಟನ್ನು ಮನೆಗೆ ಒಯ್ಯುವವರಿಗೆ ಸಾದಾ ಅಕ್ಷರಗಳ ಫೈಲಾಗಿಯೂ ಕೊಟ್ಟಿದ್ದಾರೆ. ಆ ಜಾಲತಾಣ ನಾಳೆ ನಿಂತರೂ ವರ್ಷಗಟ್ಟಲೆಯ ದುಡಿಮೆ ಕಳೆದುಹೋಗುವುದಿಲ್ಲ.

ನಡುವಿನ ದಾರಿಯೂ ಉಂಟು. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದ ‘ಎಸ್‌ಕ್ಯುಲೈಟ್’ ಎಲ್ಲ ಕೋಷ್ಟಕಗಳನ್ನೂ ಒಂದೇ ಫೈಲಿನೊಳಗೆ ಕಟ್ಟಿಡುತ್ತದೆ. ಅಜ್ಜನ ಸ್ಮಾರ್ಟ್‌ಫೋನಿನೊಳಗೂ ಅದು ಸದ್ದಿಲ್ಲದೆ ದುಡಿಯುತ್ತಿದೆ.

ಓದಲಿಕ್ಕೆ ಮಾತ್ರ ಇದ್ದು, ತಿದ್ದುವವರು ಒಬ್ಬರೇ ಆದರೆ ಸಾದಾ ಫೈಲು ಸಾಕು. ಹತ್ತು ಕೈ ತಿದ್ದುವುದಾದರೆ, ಒಂದೇ ಸಂಗತಿ ನಾಲ್ಕು ಕಡೆ ಬೇಕಾದರೆ, ದುಡ್ಡಿನ ವಿಚಾರವಾದರೆ ಕೋಷ್ಟಕಗಳೇ ಬೇಕು.

ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ಪಾಸ್‌ಬುಕ್ಕಿನ ಮೊದಲ ಪುಟ ತೆರೆಯಿರಿ. ಸಾಮಾನ್ಯವಾಗಿ ಅಲ್ಲಿ ಎರಡು ಸಂಖ್ಯೆಗಳಿರುತ್ತವೆ: ಒಂದು ಖಾತೆಯದು, ಇನ್ನೊಂದು ಗ್ರಾಹಕರದು. ಅವರ ಠೇವಣಿಯ ಕಾಗದದಲ್ಲೂ ಆ ಎರಡನೆಯ ಸಂಖ್ಯೆ ಇದೆಯೇ ಹುಡುಕಿ. ಜತೆಗೆ, ಅಲ್ಲಿ ಅಚ್ಚಾದ ವಿಳಾಸ ಈಗಿನ ಮನೆಯದೇ ಎಂದೂ ನೋಡಿ. ಅಲ್ಲವಾದರೆ ಸೋಮವಾರವೇ ಅವರನ್ನು ಬ್ಯಾಂಕಿಗೆ ಹೊರಡಿಸಿ.