ನಿಮ್ಮ ಮಗು ‘ವರ್ಣತಂತು ಅಂದ್ರೇನು?’ ಅಂತ ಕೇಳಿದ್ರೆ ಹಿಂಗ ಹೇಳಿ

ಕೊಪ್ಪಳ: ಮೊನ್ನೆ ಸಂಜೆ ಒಂದು ಕಿರಾಣಿ ಅಂಗಡಿ ಮುಂದೆ ನಿಂತಿದ್ದೆ. ಎಂಟನೇ ತರಗತಿ ಓದೋ ಹುಡುಗಿ ಪುಸ್ತಕ ಹಿಡ್ಕೊಂಡು ಬಂದು, ಗಲ್ಲಾ ಮುಂದೆ ಕೂತಿದ್ದ ಅಪ್ಪನಿಗೆ ‘ಜೀವಕೋಶ ಅಂದ್ರೇನು? ವರ್ಣತಂತು ಅಂದ್ರೇನು?’ ಅಂತ ಕೇಳಿದಳು. ‘ನಿಮ್ಮ ಸರ್‌ಗೆ ಕೇಳವಾ’ ಅಂದು ಅವರು ಸಕ್ಕರೆ ತೂಗೋಕೆ ಶುರು ಮಾಡಿದರು. ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟವನೇ. ಆದ್ರೆ ಅಂಗಡಿ ನಡೆಸೋರಿಗೆ ಅರ್ಥ ಆಗದಂಥ ವಿಷಯ ಏನಲ್ಲ ಇದು.

ಜೀವಕೋಶ ಅಂದ್ರೆ ಒಂದು ಪುಟ್ಟ ಅಂಗಡಿ

ಗೋಡೆ ಇಟ್ಟಿಗೆಯಿಂದ ಆದಂಗ ನಮ್ಮ ಮೈ ಜೀವಕೋಶಗಳಿಂದ ಆಗಿದೆ. ಬರಿಗಣ್ಣಿಗೆ ಕಾಣೋದಿಲ್ಲ. ಉಳ್ಳಾಗಡ್ಡಿಯ ತೆಳು ಪೊರೆ ತೆಗೆದು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ, ಇಟ್ಟಿಗೆ ಜೋಡಿಸಿದಂಗ ಸಾಲಾಗಿ ಕಾಣ್ತವೆ. ಪ್ರತಿ ಕೋಶದ ಸುತ್ತ ಒಂದು ಪೊರೆ ಇರುತ್ತೆ, ಅದೇ ಶಟರ್. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಅಂತ ನೋಡೋದು ಅದರ ಕೆಲಸ. ನಾವು ಉಂಡ ಅನ್ನದಿಂದ ಶಕ್ತಿ ತೆಗೆಯೋ ಒಲೆ ಮೈಟೋಕಾಂಡ್ರಿಯಾ. ನಡುವೆ ಇರೋ ಕೋಶಕೇಂದ್ರವೇ ಮಾಲೀಕರ ಗಲ್ಲಾ.

ಗಲ್ಲಾದಲ್ಲಿ 46 ಖಾತೆ ಪುಸ್ತಕ

ಆ ಗಲ್ಲಾದೊಳಗೆ ಇರೋ ಖಾತೆ ಪುಸ್ತಕಗಳೇ ವರ್ಣತಂತುಗಳು, ಇಂಗ್ಲಿಷ್‌ನಲ್ಲಿ ಕ್ರೋಮೋಸೋಮ್. ಕಣ್ಣಿನ ಬಣ್ಣ, ಕೂದಲು, ಎತ್ತರ, ರಕ್ತದ ಗುಂಪು ಇವೆಲ್ಲದರ ಲೆಕ್ಕ ಅದರಲ್ಲಿದೆ. ಮನುಷ್ಯನಿಗೆ 46 ಪುಸ್ತಕ. 23 ಅವ್ವನಿಂದ, 23 ಅಪ್ಪನಿಂದ. ಗಂಗಾವತಿ ಭತ್ತದ ಕೋಶದಲ್ಲಿ 24, ಯಲಬುರ್ಗಾ ಕಡೆಯ ಜೋಳದಲ್ಲಿ 20, ಬೀದಿ ನಾಯಿಯಲ್ಲಿ 78! ಪುಸ್ತಕ ಜಾಸ್ತಿ ಇದ್ದ ಮಾತ್ರಕ್ಕೆ ಬುದ್ಧಿ ಜಾಸ್ತಿ ಅಂತಲ್ಲ.

ಹುಟ್ಟೋದು ಗಂಡೋ ಹೆಣ್ಣೋ ಅನ್ನೋದೂ ಇಲ್ಲೇ ತೀರ್ಮಾನ ಆಗುತ್ತೆ. ತಾಯಿಯಿಂದ ಯಾವಾಗಲೂ ಎಕ್ಸ್ ಬರುತ್ತೆ. ತಂದೆಯಿಂದ ಎಕ್ಸ್ ಬಂದ್ರೆ ಹೆಣ್ಣು, ವೈ ಬಂದ್ರೆ ಗಂಡು. ಹೆಣ್ಣು ಹುಟ್ಟಿತು ಅಂತ ಸೊಸೆಗೆ ಬೈಯೋ ಮನೆಗಳಲ್ಲಿ ಇದನ್ನ ಮಕ್ಕಳೇ ಅಜ್ಜ-ಅಜ್ಜಿಗೆ ಓದಿ ಹೇಳಬೇಕು.

ಪುಸ್ತಕ ಬದಲಿಸೋಕಾಗಲ್ಲ, ಕಾಪಾಡಬಹುದು

ಅವ್ವ-ಅಪ್ಪ ಕೊಟ್ಟ ಪುಸ್ತಕ ಬದಲಿಸೋದು ನಮ್ಮ ಕೈಯಲ್ಲಿಲ್ಲ. ಆದ್ರೆ ಕೋಶಕ್ಕೆ ಸರಿಯಾದ ಮಾಲು ಹಾಕೋದು ನಮ್ಮ ಕೈಯಲ್ಲಿದೆ.

ರಕ್ತದ ಕೆಂಪು ಕಣ ಸುಮಾರು 120 ದಿನ ಮಾತ್ರ ಬದುಕುತ್ತೆ. ಹೊಸದು ಆಗ್ತಾನೇ ಇರಬೇಕು, ಅದಕ್ಕೆ ಕಬ್ಬಿಣಾಂಶ ಬೇಕು. ಅದು ಕಡಿಮೆ ಆದ ಮಗು ಬೇಗ ದಣಿಯುತ್ತೆ, ಪಾಠದಲ್ಲಿ ಗಮನ ನಿಲ್ಲೋದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡೋ ಕಬ್ಬಿಣಾಂಶದ ಗುಳಿಗೆ ಇದಕ್ಕೇ. ಸಣ್ಣ ಮಕ್ಕಳಿಗೆ ಗುಲಾಬಿ ಬಣ್ಣದ್ದು, 10 ವರ್ಷ ದಾಟಿದವರಿಗೆ ನೀಲಿ. ಮಕ್ಕಳು ಅದನ್ನ ಕಿಟಕಿಯಾಚೆ ಎಸೀತಾರೆ, ಒಮ್ಮೆ ಕೇಳಿ ನೋಡಿ. ಊಟ ಆದ ಮೇಲೆ ನುಂಗಬೇಕು. ಕೂಡಲೇ ಚಹಾ ಕುಡಿಯಬಾರದು, ಚಹಾ ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡೋದಿಲ್ಲ. ಸಜ್ಜಿ ರೊಟ್ಟಿ, ಮೆಂತ್ಯೆ ಪಲ್ಯ, ಕಾಳು ಪಲ್ಯ ನಮ್ಮ ತಾಟಿನಲ್ಲೇ ಇವೆ. ಮೇಲೆ ಒಂದು ತುಂಡು ನಿಂಬೆಹಣ್ಣು ಹಿಂಡಿದ್ರೆ ಇನ್ನೂ ಒಳ್ಳೇದು.

ಕೋಶ ಬೆಳೆಯೋಕೆ ಪ್ರೋಟೀನ್ ಬೇಕು. 2021ರ ಡಿಸೆಂಬರ್‌ನಲ್ಲಿ ಶಾಲೆ ಬಿಸಿಯೂಟಕ್ಕೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ ಕೊಪ್ಪಳ ಜಿಲ್ಲೆ ಇತ್ತು. ಮೊಟ್ಟೆ ತಿನ್ನದ ಮಕ್ಕಳಿಗೆ ಶೇಂಗಾ, ಬೇಳೆ, ಹಾಲು ಕೊಡಿ.

ಪುಸ್ತಕದ ಹಾಳೆ ಹರಿಯೋ ಗುಟ್ಕಾ

ಕೋಶ ಒಂದರಿಂದ ಎರಡಾಗುವಾಗ ಎಲ್ಲಾ 46 ಪುಸ್ತಕಗಳ ನಕಲು ತೆಗೆಯುತ್ತೆ. ಸಣ್ಣ ತಪ್ಪಾದ್ರೆ ಬಹುತೇಕ ತಾನೇ ತಿದ್ದಿಕೊಳ್ಳುತ್ತೆ. ಆದ್ರೆ ತಂಬಾಕು, ಗುಟ್ಕಾದಲ್ಲಿರೋ ವಿಷ ಬಾಯಿಯ ಕೋಶಗಳ ಪುಸ್ತಕದ ಹಾಳೆಗಳನ್ನೇ ಕೆಡಿಸುತ್ತೆ. ದಿನಾ ಕೆಡ್ತಾ ಹೋದ್ರೆ ಒಂದಿನ ‘ಬೆಳೆದದ್ದು ಸಾಕು, ನಿಲ್ಲು’ ಅನ್ನೋ ಹಾಳೆಯೇ ಹರಿದು ಹೋಗುತ್ತೆ. ಆ ಕೋಶ ಎಲ್ಲೆ ಮೀರಿ ಬೆಳೀತದೆ. ಅದೇ ಕ್ಯಾನ್ಸರ್.

ಅಂಗಡಿಯವರೇ, ಇದು ನಿಮಗೂ ಸಂಬಂಧಪಟ್ಟ ಮಾತು. ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಪ್ರಕಾರ 21 ವರ್ಷ ತುಂಬದವರಿಗೆ ಎಲ್ಲೇ ಆಗಲಿ ಮಾರುವಂತಿಲ್ಲ. ‘ಅಪ್ಪ ತರೋಕೆ ಹೇಳಿದ್ದಾರೆ’ ಅಂತ ಚಿಕ್ಕ ಹುಡುಗ ಬಂದ್ರೂ ಕೊಡಬೇಡಿ. ಅಪ್ಪಂದಿರೂ ಮಕ್ಕಳನ್ನ ಕಳಿಸಬೇಡಿ.

ಆ ಹುಡುಗಿ ನಿಂತು ಪ್ರಶ್ನೆ ಕೇಳಿದಳಲ್ಲ, ಅವಳ ತಲೆ ಮೇಲೇ ತಂಬಾಕು ಪಾಕೀಟಿನ ಸರ ತೂಗಾಡ್ತಿತ್ತು. ಅವಳ ಪ್ರಶ್ನೆಗೆ ಉತ್ತರ ಹೇಳಿ, ಆ ಸರ ಇಳಿಸಿದ್ರೆ ಪಾಠ ಪೂರ್ತಿ ಆದಂಗ.