ಹಳೆಯ ಕಾರಿಗೆ ಹೊಸ ಧ್ವನಿ

ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ಆ ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಅನೇಕರಿದ್ದಾರೆ. ಅದರಲ್ಲಿ ಕುಳಿತು ಇಂಪಾದ ಸಂಗೀತವನ್ನು ಕೇಳಬೇಕೆಂಬ ಆಸೆ ಸಹಜವಾದುದೇ. ಆದರೆ ದೊಡ್ಡ ಧ್ವನಿವರ್ಧಕವನ್ನು ಕೊಳ್ಳುವ ಮೊದಲು, ವಿದ್ಯುತ್ತನ್ನು ಒಯ್ಯುವ ತಂತಿಯನ್ನು ಕುರಿತು ಯೋಚಿಸಬೇಕು.

ಕಾರಿನ ಬ್ಯಾಟರಿ ಒದಗಿಸುವುದು ಕೇವಲ 12 ವೋಲ್ಟ್. ಇದರಿಂದ ಅಪಾಯವೇನೂ ಇಲ್ಲವೆಂದು ಭಾವಿಸುವವರುಂಟು. ಇದು ತಪ್ಪು ತಿಳಿವಳಿಕೆ. 24 ವ್ಯಾಟ್ ಬಳಸುವ ರೇಡಿಯೋಗೆ 2 ಆಂಪಿಯರ್ ಪ್ರವಾಹ ಸಾಕು. ಅದರ ಬದಲು 120 ವ್ಯಾಟ್ ಬಳಸುವ ಆಂಪ್ಲಿಫೈಯರನ್ನು ಜೋಡಿಸಿದರೆ 10 ಆಂಪಿಯರ್ ಪ್ರವಾಹ ಹರಿಯುತ್ತದೆ. ಪ್ರವಾಹ ಐದು ಪಟ್ಟಾದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖ ಇಪ್ಪತ್ತೈದು ಪಟ್ಟಾಗುತ್ತದೆ. ಇದು ಜೌಲನ ನಿಯಮ. ತೆಳುವಾದ ಹಳೆಯ ತಂತಿಯ ಹೊದಿಕೆ ಆ ಶಾಖವನ್ನು ತಾಳಲಾರದೆ ಕರಗಿ, ಬೆಂಕಿ ಹೊತ್ತಿಕೊಳ್ಳಬಹುದು.

ಆದುದರಿಂದ ಆಂಪ್ಲಿಫೈಯರಿಗೆ ಬ್ಯಾಟರಿಯಿಂದಲೇ ದಪ್ಪನಾದ ಬೇರೊಂದು ತಾಮ್ರದ ತಂತಿಯನ್ನು ಎಳೆಯಬೇಕು. ಬ್ಯಾಟರಿಯ ಸಮೀಪದಲ್ಲಿಯೇ ತಕ್ಕ ಫ್ಯೂಸನ್ನು ಅಳವಡಿಸಬೇಕು. ಫ್ಯೂಸ್ ದೂರದಲ್ಲಿದ್ದರೆ, ಬ್ಯಾಟರಿಗೂ ಅದಕ್ಕೂ ನಡುವಿನ ತಂತಿಗೆ ರಕ್ಷಣೆಯಿರುವುದಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಧ್ವನಿವರ್ಧಕ ಚಿಕ್ಕದಾಗಲಿ. ತಂತಿ ಮಾತ್ರ ತೆಳುವಾಗಬಾರದು.