ಬಾಗಿದ 'ಡಿ'ಗೆ ಹೆದರಿ ಮಗಳ ಕಾಲೇಜು ಬಿಡಿಸಬೇಡಿ

ನಮ್ಮ ಮನೆಗಳ ಹೆಣ್ಣು ಮಕ್ಕಳು ಇಂದು ಇಂಜಿನಿಯರಿಂಗ್ ಮತ್ತು ಬಿ.ಎಸ್ಸಿ. ತರಗತಿಗಳಲ್ಲಿ ಕಾಣಸಿಗುತ್ತಿರುವುದು ಸಂತೋಷದ ವಿಷಯ. ಬೆಳಿಗ್ಗೆ ಬೆಳಗಾವಿಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ, ಖಾನಾಪುರದ ಬಸ್ಸಿನಿಂದ ಇಳಿಯುವವರಲ್ಲಿ ಬುರ್ಖಾ ಧರಿಸಿ ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡ ಹುಡುಗಿಯರೂ ಇರುತ್ತಾರೆ. ಕಾಲೇಜಿಗೆ ಸೇರಿಸುವ ದಿನ ತಂದೆ ಸಾಲ ಮಾಡಿ ಶುಲ್ಕ ಕಟ್ಟಿರುತ್ತಾರೆ, ತಾಯಿ ದುಆ ಮಾಡಿ ಕಳುಹಿಸಿರುತ್ತಾರೆ. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಕೆಲವು ಮನೆಗಳಲ್ಲಿ ಬೇರೆಯೇ ಮಾತು ಶುರುವಾಗುತ್ತದೆ: "ಇವಳಿಗೆ ಲೆಕ್ಕ ಹತ್ತುತ್ತಿಲ್ಲ, ಬಿಡಿಸಿಬಿಡೋಣ."

ಯಾವ ಲೆಕ್ಕ ಎಂದು ವಿಚಾರಿಸಿದರೆ, ಹುಡುಗಿಯರು ಹೆಚ್ಚಾಗಿ ಹೇಳುವ ಹೆಸರು ಮಲ್ಟಿವೇರಿಯಬಲ್ ಕ್ಯಾಲ್ಕ್ಯುಲಸ್. ಕನ್ನಡದಲ್ಲಿ ಇದನ್ನು ಬಹು ಚರಾಕ್ಷರಗಳ ಕಲನಶಾಸ್ತ್ರ ಎನ್ನಬಹುದು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ನಮ್ಮ ಬೆಳಗಾವಿಯ ಮಚ್ಛೆಯಲ್ಲೇ. ಅದರ ಅಧೀನದ ಕಾಲೇಜುಗಳಲ್ಲಿ ಬಿ.ಇ. ಓದುವವರು ಮೊದಲ ವರ್ಷದಲ್ಲೇ ಈ ಪಾಠವನ್ನು ದಾಟಬೇಕು. ಬಿ.ಎಸ್ಸಿ.ಯಲ್ಲಿ ಗಣಿತ ತೆಗೆದುಕೊಂಡವರಿಗೂ ಇದು ತಪ್ಪಿದ್ದಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವರೂ ಇಲ್ಲಿ ಮುಗ್ಗರಿಸುವುದುಂಟು. ಇದು ಬುದ್ಧಿಯ ಕೊರತೆಯೇ? ಅಲ್ಲ ಎಂಬುದನ್ನು ತಾಯಂದಿರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಏನಿದು ಪಾಠ?

ಪಿಯುಸಿಯ ಕಲನಶಾಸ್ತ್ರದಲ್ಲಿ ಒಂದು ವಸ್ತು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ನೋಡುತ್ತಾರೆ. ಆದರೆ ಬದುಕಿನಲ್ಲಿ ಯಾವುದೂ ಒಂದೇ ಕಾರಣವನ್ನು ಅವಲಂಬಿಸುವುದಿಲ್ಲ. ಬೇಳೆ ಬೇಯುವುದು ಉರಿಯ ಮೇಲೂ ನಿಂತಿದೆ, ನೀರಿನ ಮೇಲೂ ನಿಂತಿದೆ. ಹೀಗೆ ಎರಡು ಮೂರು ಕಾರಣಗಳು ಕೂಡಿದಾಗ ಲೆಕ್ಕ ಹಾಕುವುದು ಹೇಗೆ ಎಂಬುದೇ ಈ ಹೊಸ ಪಾಠ.

4 ಮೀಟರ್ ಉದ್ದ, 3 ಮೀಟರ್ ಅಗಲದ ಒಂದು ಜಮಖಾನೆ ಇದೆ ಎಂದುಕೊಳ್ಳಿ. ವಿಸ್ತೀರ್ಣ 12 ಚದರ ಮೀಟರ್. ಅಗಲವನ್ನು ಹಾಗೇ ಇಟ್ಟು ಉದ್ದವನ್ನು ಮಾತ್ರ 10 ಸೆಂಟಿಮೀಟರ್ ಹೆಚ್ಚಿಸಿದರೆ ವಿಸ್ತೀರ್ಣ 0.3ರಷ್ಟು ಹೆಚ್ಚುತ್ತದೆ. ಉದ್ದವನ್ನು ಹಾಗೇ ಇಟ್ಟು ಅಗಲವನ್ನು 10 ಸೆಂಟಿಮೀಟರ್ ಹೆಚ್ಚಿಸಿದರೆ 0.4ರಷ್ಟು ಹೆಚ್ಚುತ್ತದೆ. ಎರಡನ್ನೂ ಹೆಚ್ಚಿಸಿದರೆ 0.7, ಜೊತೆಗೆ ಮೂಲೆಯಲ್ಲಿ 0.01ರ ಒಂದು ಸಣ್ಣ ತುಂಡು. ಒಂದನ್ನು ಕದಲಿಸದೆ ಇಟ್ಟು ಇನ್ನೊಂದನ್ನು ಮಾತ್ರ ಬದಲಿಸಿ, ಯಾವ ದರದಲ್ಲಿ ವ್ಯತ್ಯಾಸವಾಗುತ್ತದೆ ಎಂದು ನೋಡುವುದಕ್ಕೆ ಆಂಶಿಕ ಅವಕಲನ ಎನ್ನುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಬೆನ್ನು ಬಾಗಿದ 'ಡಿ' ಅಕ್ಷರವನ್ನು ಬಳಸುತ್ತಾರೆ. ಹುಡುಗಿಯರನ್ನು ಹೆದರಿಸುವ ಚಿಹ್ನೆ ಇದೇ. ಅದರ ಅರ್ಥ ಮಾತ್ರ ಜಮಖಾನೆಯಷ್ಟೇ ಸರಳ.

ನಮ್ಮ ಜಿಲ್ಲೆಯ ಮಳೆಯನ್ನೇ ನೋಡಿ. ಮಲಪ್ರಭಾ ನದಿ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಳೆ ಧಾರಾಕಾರ. ಅಲ್ಲಿಂದ ಪೂರ್ವಕ್ಕೆ ಖಾನಾಪುರ, ಬೈಲಹೊಂಗಲ, ಸವದತ್ತಿ ಎಂದು ಸಾಗಿದಂತೆ ಮಳೆ ವೇಗವಾಗಿ ಕಡಿಮೆಯಾಗುತ್ತದೆ. ಅದೇ ಘಟ್ಟದ ಅಂಚಿನಲ್ಲೇ ಉತ್ತರ ದಕ್ಷಿಣವಾಗಿ ಸಾಗಿದರೆ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಊರು, ಒಂದೇ ಮಳೆ. ಆದರೆ ಯಾವ ದಿಕ್ಕಿಗೆ ಹೆಜ್ಜೆ ಇಟ್ಟಿರಿ ಎಂಬುದರ ಮೇಲೆ ಉತ್ತರ ಬೇರೆಯಾಗುತ್ತದೆ.

ಇನ್ನೊಂದು ಪ್ರಶ್ನೆ ಗರಿಷ್ಠ ಮತ್ತು ಕನಿಷ್ಠದ್ದು. ಬೆಟ್ಟದ ತುದಿಯಲ್ಲಿ ನಿಂತರೆ ಯಾವ ದಿಕ್ಕಿಗೂ ಏರು ಇಲ್ಲ. ಪಾದದ ಅಡಿ ನೆಲ ಸಮವಾಗಿರುತ್ತದೆ. ಹಾಗಾದರೆ ನೆಲ ಸಮವಾದ ಜಾಗವೆಲ್ಲ ತುದಿಯೇ? ಅಲ್ಲ. ಎರಡು ಗುಡ್ಡಗಳ ನಡುವೆ ರಸ್ತೆ ದಾಟುವ ಕಣಿವೆಯ ನೆತ್ತಿಯನ್ನು ನೆನಪಿಸಿಕೊಳ್ಳಿ. ರಸ್ತೆಯಲ್ಲಿ ಬರುವವನಿಗೆ ಅದು ಅತಿ ಎತ್ತರದ ಜಾಗ. ಎರಡೂ ಬದಿಯ ಗುಡ್ಡದಿಂದ ಇಳಿದು ಬರುವವನಿಗೆ ಅದೇ ಅತಿ ತಗ್ಗಿನ ಜಾಗ. ಕುದುರೆಯ ಜೀನಿನ ಆಕಾರ ಇದಾದ್ದರಿಂದ ಗಣಿತದಲ್ಲಿ ಇದಕ್ಕೆ ಜೀನಿನ ಬಿಂದು ಎಂಬ ಹೆಸರಿದೆ. ಪರೀಕ್ಷೆಯಲ್ಲಿ ಎರಡೂ ದಿಕ್ಕಿನ ದರ ಸೊನ್ನೆ ಬಂದ ಕೂಡಲೇ 'ಗರಿಷ್ಠ' ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಈ ಕಣಿವೆಯ ಚಿತ್ರ ಕಣ್ಣ ಮುಂದೆ ಇದ್ದವಳು ಇನ್ನೊಂದು ಹಂತದ ಪರೀಕ್ಷೆ ಮಾಡದೆ ಉತ್ತರ ಬರೆಯುವುದಿಲ್ಲ.

ಆಮೇಲೆ ಬರುವುದು ಅನುಕಲನ, ಅಂದರೆ ಕೂಡಿಸುವ ಕೆಲಸ. ಬೆಳಗಾವಿಗೆ ಕುಡಿಯುವ ನೀರು ಕೊಡುವ ರಾಕಸಕೊಪ್ಪ ಜಲಾಶಯದಲ್ಲಿ ನೀರೆಷ್ಟಿದೆ ಎಂದು ತಿಳಿಯುವುದು ಹೇಗೆ? ಆಳ ಎಲ್ಲ ಕಡೆ ಒಂದೇ ಅಲ್ಲ. ಮೇಲ್ಮೈಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಆಳವನ್ನು ಅದರ ವಿಸ್ತೀರ್ಣದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಬೇಕು. ಚೌಕಗಳು ಚಿಕ್ಕದಾದಷ್ಟೂ ಉತ್ತರ ನಿಖರ. ಉದ್ದನೆಯ 'ಎಸ್' ಅಕ್ಷರ ಎರಡು ಸಲ ಬರೆದರೆ ಅದರ ಅರ್ಥ ಇಷ್ಟೇ.

ಹುಡುಗಿಯರು ಹೆಚ್ಚು ತಡವರಿಸುವುದು ಕೂಡಿಸುವ ಕ್ರಮ ಬದಲಿಸುವ ಲೆಕ್ಕದಲ್ಲಿ. ಮಾಳಿಗೆಯ ಮೇಲೆ ನೆರಳು ಬಿಟ್ಟು ಮುಕ್ಕೋನ ಜಾಗದಲ್ಲಿ ಸಂಡಿಗೆ ಇಟ್ಟಿದ್ದೀರಿ. ಮೊದಲ ಸಾಲಿನಲ್ಲಿ 1, ಎರಡನೆಯದರಲ್ಲಿ 2, ಹೀಗೆ ಐದನೆಯದರಲ್ಲಿ 5. ಒಟ್ಟು 15. ಅದನ್ನೇ ಪಕ್ಕದಿಂದ ನಿಂತು ಎಣಿಸಿದರೆ 5, 4, 3, 2, 1. ಆಗಲೂ 15. ಒಟ್ಟು ಬದಲಾಗಲಿಲ್ಲ. ಪ್ರತಿ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ಬದಲಾಯಿತು. ಚಿತ್ರ ಬರೆದುಕೊಳ್ಳದೆ ಈ ಲೆಕ್ಕ ಮಾಡಲು ಹೊರಟರೆ ತಪ್ಪುವುದು ಖಚಿತ.

ಇದೆಲ್ಲ ಯಾವ ಉಪಯೋಗಕ್ಕೆ ಎಂದು ಕೇಳುವವರು ನೆಹರು ನಗರಕ್ಕೆ ಬರಲಿ. ಇಲ್ಲಿನ ಕೆ.ಎಲ್.ಇ. ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಇಂಥ ಆಸ್ಪತ್ರೆಗಳಲ್ಲಿ ತಲೆಗೆ ಪೆಟ್ಟಾದವರಿಗೆ ಮಾಡುವ ಸಿ.ಟಿ. ಸ್ಕ್ಯಾನ್ ಈ ಗಣಿತದ ಕೊಡುಗೆ. ಯಂತ್ರವು ಬೇರೆ ಬೇರೆ ಕೋನಗಳಿಂದ ಎಕ್ಸ್‌ರೇ ಹಾಯಿಸಿ, ಪ್ರತಿ ಗೆರೆಯ ಮೇಲೆ ಒಟ್ಟು ಎಷ್ಟು ಕಿರಣ ಹೀರಲ್ಪಟ್ಟಿತು ಎಂದು ಅಳೆಯುತ್ತದೆ. ಆ ಮೊತ್ತಗಳಿಂದ ಒಳಗಿನ ಪ್ರತಿ ಬಿಂದುವಿನ ಚಿತ್ರವನ್ನು ಮರಳಿ ಪಡೆಯಬಹುದೆಂದು ಯೋಹಾನ್ ರಾಡಾನ್ ಎಂಬ ಗಣಿತಜ್ಞ 1917ರಲ್ಲೇ ತೋರಿಸಿದ್ದರು. ಯಂತ್ರ ಸಾಧ್ಯವಾಗಿಸಿದ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ವೈದ್ಯಕೀಯ ನೊಬೆಲ್ ಸಿಕ್ಕಿತು.

ಮುಗ್ಗರಿಸುವುದು ಎಲ್ಲಿ?

ನಾನು ಮದ್ರಸಾದಲ್ಲಿ ಓದಿ ಅನಂತರ ಬಿ.ಎ. ಮಾಡಿದವಳು. ಈ ಗಣಿತ ನಮ್ಮ ಮನೆಗೆ ಬಂದದ್ದು ನನ್ನ ತಂಗಿಯ ಮಗಳ ಮೂಲಕ. ಖಾನಾಪುರದಿಂದ ದಿನವೂ ಸುಮಾರು 25 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಅವಳಿಗೆ ಮೊದಲ ಕಿರು ಪರೀಕ್ಷೆಯಲ್ಲಿ 50ಕ್ಕೆ 11 ಅಂಕ ಬಂತು. ಅದೇ ಹೊತ್ತಿಗೆ ಒಂದು ಸಂಬಂಧವೂ ಬಂದಿತ್ತು. "ಓದು ಹತ್ತುತ್ತಿಲ್ಲ, ನಿಕಾಹ್ ಮಾಡಿಬಿಡೋಣ" ಎಂದು ಮನೆಯಲ್ಲಿ ಹಿರಿಯರು ಮಾತಾಡತೊಡಗಿದರು. ಹುಡುಗಿಯೂ "ಖಾಲಾ, ಗಣಿತ ನನ್ನ ಹಣೆಯಲ್ಲಿ ಬರೆದಿಲ್ಲ" ಎಂದು ಕೈ ಚೆಲ್ಲಿದ್ದಳು.

ಪರಿಚಯದ ನಿವೃತ್ತ ಉಪನ್ಯಾಸಕಿಯೊಬ್ಬರಿಗೆ ಆ ಉತ್ತರ ಪತ್ರಿಕೆ ತೋರಿಸಿದೆವು. ಅವರು ಪ್ರತಿ ತಪ್ಪಿನ ಪಕ್ಕದಲ್ಲಿ ಒಂದೊಂದು ಗುರುತು ಹಾಕಿದರು. ನೋಡಿದರೆ ಹೊಸ ಪಾಠದಲ್ಲಿ ಆದ ತಪ್ಪುಗಳು ಎರಡೇ. ಉಳಿದವೆಲ್ಲ ಪಿಯುಸಿಯ ತಪ್ಪುಗಳು. ಸರಪಳಿ ನಿಯಮ ಮರೆತದ್ದು, ಋಣ ಚಿಹ್ನೆ ಬಿಟ್ಟದ್ದು, ತ್ರಿಕೋನಮಿತಿಯ ಸೂತ್ರ ಅದಲು ಬದಲಾದದ್ದು. ಪಿಯುಸಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಲೆಕ್ಕಗಳು ಬೇಸಿಗೆಯಲ್ಲಿ ಮರೆತುಹೋಗಿದ್ದವು. ಮದ್ರಸಾದಲ್ಲಿ ಸರ್ಫ್‌ನ ಮೊದಲ ಕೋಷ್ಟಕ ಗಟ್ಟಿಯಾಗದೆ ಮುಂದಿನ ಪಾಠ ನಡೆಯುವುದಿಲ್ಲ. ಗಣಿತವೂ ಹಾಗೆಯೇ. ಕೆಳಗಿನ ಮೆಟ್ಟಿಲು ಮುರಿದಿದ್ದರೆ ಮೇಲಿನ ಮೆಟ್ಟಿಲಿನ ತಪ್ಪೇನು?

ಎರಡನೆಯ ಕಾರಣ ಭಾಷೆ. ಹತ್ತನೆಯ ತರಗತಿಯವರೆಗೆ ಉರ್ದು, ಮರಾಠಿ ಅಥವಾ ಕನ್ನಡದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷಿನ ಪಾಠ ಅರ್ಧ ಕಿವಿಗೆ, ಅರ್ಧ ಗಾಳಿಗೆ. ಪುಸ್ತಕದ ಪ್ರತಿ ಪುಟದಲ್ಲೂ 'ವಿತ್ ರೆಸ್ಪೆಕ್ಟ್ ಟು ಎಕ್ಸ್' ಎಂದಿರುತ್ತದೆ. "ಈ ಎಕ್ಸ್‌ಗೆ ಯಾಕೆ ಖಾಲಾ ಇಷ್ಟೊಂದು ಗೌರವ?" ಎಂದು ನಮ್ಮ ಹುಡುಗಿ ಕೇಳಿದಾಗ ಮನೆಯವರೆಲ್ಲ ನಕ್ಕೆವು. 'ಎಕ್ಸ್ ಮಾತ್ರ ಬದಲಾಗಲಿ, ಉಳಿದದ್ದು ಸ್ಥಿರವಾಗಿರಲಿ' ಎಂಬುದು ಅದರ ಅರ್ಥ ಎಂದು ಉಪನ್ಯಾಸಕಿ ಬಿಡಿಸಿ ಹೇಳಿದ ಮೇಲೆ ಅವಳಿಗೆ ಅರ್ಧ ಅಧ್ಯಾಯವೇ ತೆರೆದುಕೊಂಡಿತು.

ಎರಡು ವಾರ ಅವಳು ಹೊಸ ಪಾಠ ಮುಟ್ಟದೆ ಪಿಯುಸಿಯ ಅವಕಲನವನ್ನೇ ಮಾಡಿದಳು. ಮುಂದಿನ ಕಿರು ಪರೀಕ್ಷೆಯಲ್ಲಿ 19, ಅದರ ಮುಂದಿನದರಲ್ಲಿ 27. ಕೊನೆಗೆ 100ಕ್ಕೆ 52 ಅಂಕದೊಂದಿಗೆ ಪಾಸಾದಳು. ಪೇಪರಿನಲ್ಲಿ ಫೋಟೋ ಬರುವ ಅಂಕವೇನಲ್ಲ. ಆದರೆ ಇಂದು ಅವಳು ಮೂರನೆಯ ವರ್ಷದಲ್ಲಿದ್ದಾಳೆ. ಸಂಬಂಧದ ಮಾತನ್ನು ಓದು ಮುಗಿದ ಮೇಲೆ ನೋಡೋಣವೆಂದು ಅವಳ ತಂದೆಯೇ ಹೇಳಿದ್ದಾರೆ.

ಈ ದಾರಿ ನಡೆದ ಹೆಣ್ಣು ಮಕ್ಕಳು

'ಗಣಿತ ಹೆಣ್ಣು ಮಕ್ಕಳಿಗಲ್ಲ' ಎನ್ನುವವರಿಗೆ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. 1850ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಸೋಫಿಯಾ ಕೊವಲೆವ್‌ಸ್ಕಾಯಾ ಬಾಲ್ಯದಲ್ಲಿದ್ದಾಗ, ಮನೆಯ ಗೋಡೆಗೆ ಹಚ್ಚುವ ಕಾಗದ ಸಾಲದೆ ಒಂದು ಕೋಣೆಗೆ ಕ್ಯಾಲ್ಕ್ಯುಲಸ್ ಉಪನ್ಯಾಸದ ಹಳೆಯ ಹಾಳೆಗಳನ್ನು ಅಂಟಿಸಿದ್ದರಂತೆ. ಹುಡುಗಿ ಅರ್ಥವಾಗದ ಆ ಚಿಹ್ನೆಗಳನ್ನು ಗಂಟೆಗಟ್ಟಲೆ ನೋಡುತ್ತ ನಿಲ್ಲುತ್ತಿದ್ದಳು. ಬರ್ಲಿನ್ ವಿಶ್ವವಿದ್ಯಾಲಯ ಹೆಣ್ಣೆಂಬ ಕಾರಣಕ್ಕೆ ತರಗತಿಗೆ ಸೇರಿಸಿಕೊಳ್ಳಲಿಲ್ಲ. ಪ್ರೊಫೆಸರ್ ವಯರ್‌ಸ್ಟ್ರಾಸ್ ಖಾಸಗಿಯಾಗಿ ಪಾಠ ಹೇಳಿದರು. 1874ರಲ್ಲಿ ಆಕೆ ಡಾಕ್ಟರೇಟ್ ಪಡೆದರು. ಇದೇ ಬಾಗಿದ 'ಡಿ'ಯ ಸಮೀಕರಣಗಳ ಬಗ್ಗೆ ಆಕೆ ಸಾಧಿಸಿದ ಪ್ರಮೇಯ ಇಂದಿಗೂ ಆಕೆಯ ಹೆಸರಿನಲ್ಲೇ ಇದೆ.

ನಮ್ಮ ಕಾಲದವರಾದ ಮರ್ಯಮ್ ಮಿರ್ಜಾಖಾನಿ 1977ರಲ್ಲಿ ತೆಹ್ರಾನಿನಲ್ಲಿ ಹುಟ್ಟಿದರು. ಶಾಲೆಯಲ್ಲಿ ಒಂದು ವರ್ಷ ಅವರ ಗಣಿತ ಶಿಕ್ಷಕರಿಗೆ ಈ ಹುಡುಗಿಯಲ್ಲಿ ವಿಶೇಷ ಪ್ರತಿಭೆಯೇನೂ ಕಾಣಲಿಲ್ಲ. ಅವಳ ಆಸಕ್ತಿಯೂ ಬತ್ತಿಹೋಯಿತು. ಮರು ವರ್ಷ ಹುರಿದುಂಬಿಸುವ ಶಿಕ್ಷಕಿ ಸಿಕ್ಕ ಮೇಲೆ ಎಲ್ಲವೂ ಬದಲಾಯಿತು. 1994 ಮತ್ತು 1995ರ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗಳಲ್ಲಿ ಚಿನ್ನದ ಪದಕ ಪಡೆದರು. 2014ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಪಡೆದ ಪ್ರಪಂಚದ ಮೊದಲ ಮಹಿಳೆಯಾದರು. ಕ್ಯಾನ್ಸರ್‌ನಿಂದಾಗಿ 2017ರಲ್ಲಿ ಅವರು ತೀರಿಹೋದರು. ನೆಲದ ಮೇಲೆ ದೊಡ್ಡ ಹಾಳೆ ಹಾಸಿ ಚಿತ್ರ ಬರೆಯುತ್ತಾ ಯೋಚಿಸುವುದು ಅವರ ಅಭ್ಯಾಸವಾಗಿತ್ತು. ಪುಟ್ಟ ಮಗಳು ಅದನ್ನು ಕಂಡು ಅಮ್ಮ ಪೇಂಟಿಂಗ್ ಮಾಡುತ್ತಿದ್ದಾಳೆ ಎನ್ನುತ್ತಿದ್ದಳು. ಚಿತ್ರ ಬರೆದು ಲೆಕ್ಕ ಮಾಡುವುದು ದಡ್ಡರ ದಾರಿ ಎಂದುಕೊಳ್ಳುವ ಹುಡುಗಿಯರು ಇದನ್ನು ನೆನಪಿಡಬೇಕು.

ಮನೆಯವರು ಏನು ಮಾಡಬಹುದು?

ತಾಯಂದಿರೇ, ಮಗಳಿಗೆ ಲೆಕ್ಕ ಹೇಳಿಕೊಡಲು ನಿಮಗೆ ಬರಬೇಕಾಗಿಲ್ಲ. ದಿನಕ್ಕೆ ಒಂದು ಗಂಟೆ ಅವಳನ್ನು ಯಾರೂ ಕರೆಯದಂತೆ ನೋಡಿಕೊಂಡರೆ ಅದೇ ದೊಡ್ಡ ಸಹಾಯ. ಕಾಲೇಜಿನಿಂದ ಬಂದ ಕೂಡಲೇ ರೊಟ್ಟಿಗೆ ಕುಳಿತು, ಪಾತ್ರೆ ತೊಳೆದು, ತಮ್ಮಂದಿರ ಹೋಂವರ್ಕ್ ಮುಗಿಸಿ ರಾತ್ರಿ ಹತ್ತಕ್ಕೆ ಪುಸ್ತಕ ಹಿಡಿದವಳಿಗೆ ಯಾವ ಗಣಿತ ತಲೆಗೆ ಹತ್ತೀತು? ಮನೆಯ ಗಂಡು ಮಗನಿಗೆ ಪರೀಕ್ಷೆಯಿದ್ದಾಗ ಟಿವಿ ಬಂದ್ ಮಾಡುತ್ತೇವೆ. ಮಗಳಿಗೂ ಅಷ್ಟನ್ನು ಮಾಡೋಣ. ಫಜ್ರ್ ನಂತರದ ಹೊತ್ತು ಇದಕ್ಕೆ ಬಹಳ ಒಳ್ಳೆಯದು. ರಮ್‌ಜಾನಿನಲ್ಲಿ ಪರೀಕ್ಷೆ ಬಂದರೆ ಇಫ್ತಾರಿನ ಕೆಲಸವನ್ನು ಉಳಿದವರು ಹಂಚಿಕೊಳ್ಳಲಿ.

ಮಗಳಿಗೂ ಕೆಲವು ಮಾತು. ಪಿಯುಸಿಯ ಪುಸ್ತಕವನ್ನು ರದ್ದಿಗೆ ಹಾಕಬೇಡ. ಲೆಕ್ಕವನ್ನು ಓದಬೇಡ, ಕೈಯಿಂದ ಬರೆ. ಅನುಕಲನಕ್ಕೆ ಮೊದಲು ಚಿತ್ರ ಹಾಕು. ಇಂಗ್ಲಿಷಿನ ಪದ ತಿಳಿಯದಿದ್ದರೆ ನಿನ್ನ ಭಾಷೆಯಲ್ಲಿ ಪಕ್ಕಕ್ಕೆ ಬರೆದುಕೋ. ಗ್ರೆವಾಲ್ ಅವರ 'ಹೈಯರ್ ಇಂಜಿನಿಯರಿಂಗ್ ಮ್ಯಾಥಮೆಟಿಕ್ಸ್' ದಪ್ಪ ಪುಸ್ತಕ. ಅದನ್ನು ಕೊಳ್ಳಲಾಗದಿದ್ದರೆ ಕಾಲೇಜಿನ ಗ್ರಂಥಾಲಯದಲ್ಲಿ ಕೇಳು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಡೆನಿಸ್ ಆರೂ ಅವರು 2007ರಲ್ಲಿ ಮಾಡಿದ ಇದೇ ವಿಷಯದ ಪಾಠಗಳೂ, ನಮ್ಮ ಐ.ಐ.ಟಿ.ಗಳ ಎನ್‌ಪಿಟೆಲ್ ಪಾಠಗಳೂ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ. ಮಗಳ ಕೈಯಲ್ಲಿ ಮೊಬೈಲ್ ಕಂಡ ಕೂಡಲೇ ಅನುಮಾನಪಡುವವರು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಲಿ.

ಮೊದಲ ಪರೀಕ್ಷೆಯ ಅಂಕ ಮಗಳ ಬುದ್ಧಿಯ ಮೇಲಿನ ತೀರ್ಪಲ್ಲ. ಎಲ್ಲಿ ರಿಪೇರಿ ಆಗಬೇಕು ಎಂದು ತೋರಿಸುವ ಚೀಟಿ ಅದು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ತನ್ನ ಬೀಜಗಣಿತದ ಪುಸ್ತಕದಲ್ಲಿ ಆಸ್ತಿಯ ಪಾಲಿನ ಲೆಕ್ಕಗಳಿಗೆ ದೊಡ್ಡ ಭಾಗವನ್ನೇ ಮೀಸಲಿಟ್ಟಿದ್ದ. ಹೆಂಡತಿಗೆ, ತಾಯಿಗೆ, ಹೆಣ್ಣು ಮಕ್ಕಳಿಗೆ ಸಿಗಬೇಕಾದ ಪಾಲು ತಪ್ಪಬಾರದೆಂದರೆ ಲೆಕ್ಕ ಬರಬೇಕು. ವಿದ್ಯೆಯಲ್ಲೂ ಮಗಳಿಗೆ ಒಂದು ಪಾಲಿದೆ. ಒಂದು ಸಲ ಕಡಿಮೆ ಅಂಕ ಬಂತೆಂದು ಆ ಪಾಲನ್ನು ಅವಳಿಂದ ಕಿತ್ತುಕೊಳ್ಳುವ ಮೊದಲು, ಅವಳ ಉತ್ತರ ಪತ್ರಿಕೆಯನ್ನು ತಿಳಿದವರೊಬ್ಬರಿಗೆ ತೋರಿಸಿ.